ಕರೆದರೆ ಬಾರದ ನಾಯಿ

ನಮ್ಮ ನಾಯಿಗೆ ಒಂದು ಹೆಸರಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಗಂಟಲು ಹರಿಯುವ ಹಾಗೆ ಆ ಹೆಸರು ಕೂಗಿದಾಗ ಅದು ಒಂದು ಸಲವಾದರೂ ತಿರುಗಿ ನೋಡಿದ್ದರೆ ಬರೆಯುತ್ತಿದ್ದೆನೇನೋ. ಮೊನ್ನೆ ಮೊಮ್ಮಗಳು ತನ್ನ ನಾಯಿಯನ್ನು ಕರೆದುಕೊಂಡು ಬಂದಿದ್ದಳು. ಅವಳು ಬಾಯಿ ತೆರೆಯುವುದೇ ತಡ, ಅದು ಓಡಿ ಬಂದು ಕಾಲ ಬಳಿ ಕೂರುತ್ತದೆ. “ನಾಯಿಗೆ ಕಲಿಸೋದು ಭಾಳ ಸರಳ ಐತಿ ಬಿಡಜ್ಜೀ” ಎಂದಳು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಇಷ್ಟು ವರ್ಷಗಳಾದರೂ ಆ ಸಿಟ್ಟು ಇಳಿದಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ.

ಇದು ಬೆಟಗೇರಿಯ ನೇಕಾರರ ಓಣಿಯ ಮಾತು. ಸ್ವಾತಂತ್ರ್ಯ ಬಂದಾಗಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ನಾವು ಮುಂಬಯಿ ಸರ್ಕಾರದ ಕೆಳಗಿದ್ದೆವು. ನಾನು ಶಿರಹಟ್ಟಿಯಿಂದ ಸೊಸೆಯಾಗಿ ಬಂದವಳು. ನಾನು ಹುಟ್ಟಿದಾಗ ಶಿರಹಟ್ಟಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಗಳು ಹೋಗಿ ಮುಗಿದಿದ್ದರೂ ಓಣಿಯವರು ನನ್ನನ್ನು ‘ಸಂಸ್ಥಾನದಾಕಿ’ ಎಂದೇ ಛೇಡಿಸುತ್ತಿದ್ದರು. ಮನೆಯಲ್ಲಿ ನಾವು ಮೂವರೇ: ಅತ್ತೆ, ನನ್ನ ಗಂಡ, ನಾನು. ನಡುಮನೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನಮ್ಮವರು ಬೆಳಗಿನಿಂದ ಸಂಜೆಯವರೆಗೆ ನೇಯುತ್ತಿದ್ದರು. ನಾನು ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಎಳೆಗಳ ನಡುವೆ ಅತ್ತಿತ್ತ ಓಡುವ ಅವರ ಲಾಳಿಯೊಳಗೆ ಹಾಕುವ ನೂಲನ್ನು ಸಣ್ಣ ಸಣ್ಣ ಕಂಡಿಕೆಗಳಿಗೆ ಸುತ್ತಿ ಕೊಡುತ್ತಿದ್ದೆ. ಸೊಸೆಯಂದಿರು ಮಗ್ಗಕ್ಕೆ ಕೂರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಓಣಿಯ ಎಲ್ಲ ಮನೆಗಳಲ್ಲೂ ಹಗಲಿಡೀ ಖಟ್ ಖಟ್ ಖಟ್. ಗಂಡ ಹೆಂಡತಿ ಒಂದು ಮಾತಾಡಬೇಕೆಂದರೂ ಮೊದಲು ಮಗ್ಗ ನಿಲ್ಲಬೇಕು.

ನಾಯಿ ಮರಿಯಾಗಿದ್ದಾಗ ತಾನಾಗಿಯೇ ಬಂದು ನಮ್ಮ ಹಿತ್ತಲು ಸೇರಿಕೊಂಡಿತು. ಮದುವೆಯಾಗಿ ಸುಮಾರು ವರ್ಷಗಳಾಗಿದ್ದರೂ ನನಗಿನ್ನೂ ಮಕ್ಕಳಾಗಿರಲಿಲ್ಲ. ಆ ಮಾತನ್ನು ಅತ್ತೆ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆಡದೆ ಬಿಡುತ್ತಲೂ ಇರಲಿಲ್ಲ. ನೀರು ತಂದು ಕೊಡ ಇಳಿಸಿದಾಗ ನನ್ನ ಮುಖ ನೋಡಿ ಖುಷಿಪಡುವ ಜೀವ ಆ ಮನೆಯಲ್ಲಿ ಅದೊಂದೇ ಇತ್ತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಬಿಟ್ಟುಕೊಡುವ ಮಾತು ಬಂದದ್ದು ಹಾಸಿನಿಂದ. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಓಣಿಯುದ್ದಕ್ಕೂ ಬಿದಿರಿನ ಕವೆಗಳ ಮೇಲೆ ಬಿಗಿದು, ಜೋಳದ ಗಂಜಿ ಹಚ್ಚಿ, ಕುಂಚದಿಂದ ತಿಕ್ಕುತ್ತಾ ಒಣಗಿಸಬೇಕು. ಬಿಸಿಲೇರುವುದರೊಳಗೆ ಮುಗಿಯಬೇಕಾದ ಕೆಲಸ. ಒಂದು ಮನೆಯವರು ಹಾಸು ಹಿಡಿದರೆ ಅಕ್ಕಪಕ್ಕದವರೆಲ್ಲ ತಮ್ಮ ಮಗ್ಗ ಬಿಟ್ಟು ಕೈಹಾಕಲು ಬರುತ್ತಾರೆ. ಅಂಥ ಒಂದು ಬೆಳಿಗ್ಗೆ ನಮ್ಮ ನಾಯಿ ಯಾವುದೋ ಬೆಕ್ಕಿನ ಬೆನ್ನು ಹತ್ತಿ ಹಸಿ ಹಾಸಿನ ನಡುವೆ ನುಗ್ಗಿತು. ನಾನು ಕೂಗಿದೆ, ನಮ್ಮವರು ಕೂಗಿದರು, ಓಣಿಯೇ ಕೂಗಿತು. ಅದು ಆ ಕಡೆಯಿಂದ ಹೊರಬಿದ್ದು, ಬೆಕ್ಕು ಸಿಗಲಿಲ್ಲವೆಂದು ಮತ್ತೆ ಈ ಕಡೆಯಿಂದಲೇ ನುಗ್ಗಿ ಬಂತು. ಎಳೆಗಳು ಹರಿದವು, ಹರಿಯದವು ಒಂದಕ್ಕೊಂದು ಅಂಟಿಕೊಂಡು ಗಂಟಾದವು. ನೂಲು ಸಿಗುವುದೇ ದುಸ್ತರವಾಗಿದ್ದ ಕಾಲ ಅದು.

ಅತ್ತೆ ಕೈಯಲ್ಲಿದ್ದ ಕುಂಚ ಕೆಳಗಿಟ್ಟರು.

“ಕರದ್ರ ಬರೂ ನಾಯಿ ಇದ್ರ ಮನ್ಯಾಗ ಇರ್ಲಿ. ಕರದ್ರ ಬರಲಾರದ್ದು ನಮಗ ಬ್ಯಾಡ. ಮುಂದಿನ ಸಲ ಹಾಸ ಹಿಡದಾಗ ಹಿಂಗ ಆತಂದ್ರ ಮಲ್ಲಸಮುದ್ರದವರಿಗೆ ಕೊಟ್ಟ ಬಿಡತೇನಿ.”

ಮಲ್ಲಸಮುದ್ರದ ಒಬ್ಬ ರೈತನ ಮನೆಯಿಂದಲೇ ನಮಗೆ ಗಂಜಿಯ ಜೋಳ ಬರುತ್ತಿತ್ತು. ಹೊಲ ಕಾಯಲು ಒಂದು ನಾಯಿ ಬೇಕು ಎಂದು ಆತ ಬಂದಾಗಲೆಲ್ಲ ಕೇಳುತ್ತಿದ್ದ.

“ನಾ ಕಲಸ್ತೇನ್ರಿ ಅತ್ತಿ,” ಎಂದೆ. “ನಮ್ಮೂರಾಗ ಹೊಲದ ಆ ಕಡಿಂದ ಕರದ್ರೂ ನಾಯಿ ಓಡಿ ಬರ್ತಾವು.”

“ಸಂಸ್ಥಾನದ ನಾಯಿ ಇರಬೇಕು ಅವು,” ಎಂದರು ನಮ್ಮವರು. ಅಷ್ಟು ನೂಲು ಹಾಳಾಗಿದ್ದರೂ ಜನ ನಗಲು ಮರೆಯಲಿಲ್ಲ.

ನಾನು ಹಟ ಹಿಡಿದೆ. ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಮರೆಯಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂರುತ್ತಿದ್ದೆ. ನಾಯಿ ಬೀದಿಯ ಕಟ್ಟೆಯ ಮೇಲಿರುತ್ತಿತ್ತು. ಮಗ್ಗದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸದು. ಆದ್ದರಿಂದ ನಮ್ಮವರು ಹರಿದ ಎಳೆ ಕಟ್ಟಲೋ, ಎಲೆ ಅಡಿಕೆ ಹಾಕಿಕೊಳ್ಳಲೋ ನಿಲ್ಲಿಸುವುದನ್ನು ಕಾಯುತ್ತಿದ್ದೆ. ನಿಂತ ಕೂಡಲೇ ಹೆಸರು ಹಿಡಿದು ಕರೆಯುತ್ತಿದ್ದೆ. ಬಂದರೆ ರೊಟ್ಟಿ. ಮೊದಮೊದಲು ಬರಲಿಲ್ಲ. ಆಮೇಲೆ ಬಂತು. ಕೆಲವೇ ದಿನಗಳಲ್ಲಿ ಎಷ್ಟು ಚುರುಕಾಯಿತೆಂದರೆ ನಾನು ಹೆಸರು ಪೂರ್ತಿ ಹೇಳುವಷ್ಟರಲ್ಲಿ ಹೊಸ್ತಿಲು ದಾಟಿರುತ್ತಿತ್ತು. ಕೆಲವು ಸಲ ನಾನು ಬಾಯಿ ತೆರೆಯುವ ಮೊದಲೇ ಬಂದು ನಿಂತಿರುತ್ತಿತ್ತು. ನನ್ನ ಮನಸ್ಸೇ ತಿಳಿಯುತ್ತದೆ ಎಂದು ಹಿಗ್ಗಿ ಹೀರೇಕಾಯಿಯಾದೆ.

ಅಮಾವಾಸ್ಯೆಯ ದಿನ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಅಂದು ನಾಯಿ ಬೆಳಗಿನಿಂದ ಮಗ್ಗದ ಪಕ್ಕ ಕೂತರೆ ಏಳುತ್ತಲೇ ಇರಲಿಲ್ಲ. ಅತ್ತೆ ಮಗ್ಗಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುವಾಗ ಕಣ್ಣು ಪಿಳುಕಿಸದೆ ನೋಡುತ್ತಿತ್ತು. “ನೋಡ್ರವ್ವಾ, ನಾಯಿಗೂ ಅಮಾಸಿ ತಿಳೀತೈತಿ!” ಎಂದು ಪಕ್ಕದ ಮನೆಯಾಕೆ ಬೆರಗಾದಳು. ಹೋದ ಜನ್ಮದಲ್ಲಿ ನೇಕಾರನಾಗಿದ್ದಿರಬೇಕು ಎಂದು ಓಣಿಯಲ್ಲಿ ಮಾತಾಯಿತು. ಯಾರನ್ನೂ ಸುಲಭಕ್ಕೆ ಹೊಗಳದ ಅತ್ತೆಯೂ ಅಂದು ಅದಕ್ಕೆ ನೈವೇದ್ಯದ ಹೋಳಿಗೆಯ ತುಂಡು ಹಾಕಿದರು. ನಾಯಿ ಗೆದ್ದಿತು, ನಾನೂ ಗೆದ್ದೆ ಎಂದುಕೊಂಡೆ.

ಬೀದಿಯಲ್ಲಿ ಕರೆದು ತೋರಿಸುತ್ತೇನೆಂದು ಹೊರಟದ್ದೇ ತಪ್ಪಾಯಿತು. ಓಣಿಯ ಬಾಯಲ್ಲಿ ನಿಂತು ಕರೆದೆ. ನಾಯಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ರೊಟ್ಟಿ ತೋರಿಸಿ ಕರೆದೆ; ರೊಟ್ಟಿಯನ್ನು ನೋಡಿತು, ನನ್ನನ್ನು ನೋಡಿತು, ಆಕಳಿಸಿತು. ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದೆ. ಎದ್ದು ಬೇರೆ ನೆರಳಿಗೆ ಹೋಗಿ ಮಲಗಿತು. ಮನೆಯೊಳಗೆ ಬಾ ಎನ್ನುವ ಮೊದಲೇ ಬರುವ ಪ್ರಾಣಿ ಇದೇನಾ? ನನಗೆ ಅಳು ಬಂತು. ಅಳುವುದು ಕಾಣಬಾರದೆಂದು ಬೈಯತೊಡಗಿದೆ.

ಆಮೇಲೆ ಓಣಿಗೆ ಓಣಿಯೇ ನನಗೆ ಬುದ್ಧಿ ಹೇಳಿತು. ಒಬ್ಬಾಕೆ ಹೆಸರು ಬದಲಿಸು ಎಂದಳು. ಇನ್ನೊಬ್ಬಾಕೆ ಕಿವಿಗೆ ಕಾಯಿಸಿದ ಎಣ್ಣೆ ಬಿಡು ಎಂದಳು. ನಮ್ಮವರು, “ಕನ್ನಡ ತಿಳೀವಲ್ದು, ಮುಂಬಯಿ ಸರ್ಕಾರದ ನಾಯಿ, ಮರಾಠಿಯೊಳಗ ಕರದ ನೋಡು,” ಎಂದರು. ಆ ರೇಗಿದ ಹೊತ್ತಿನಲ್ಲಿ ನಾನು ಅದನ್ನೂ ಮಾಡಿದೆ ಎಂದರೆ ನನ್ನ ಅವಸ್ಥೆ ನೀವೇ ಊಹಿಸಿ. ಕಟ್ಟಿ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಕಟ್ಟಿದೆವು. ಮಧ್ಯಾಹ್ನದೊಳಗೆ ಹಗ್ಗ ಕಡಿದು ಹಾಕಿತು. ಹೊಸ ಹಗ್ಗ ತಂದರೆ ಅದನ್ನೂ ಕಡಿಯಿತು.

ಸಂಗತಿ ಗೊತ್ತಾದದ್ದು ಹರತಾಳದ ದಿನ. ಕನ್ನಡ ನಾಡು ಒಂದಾಗಬೇಕೆಂದು ಊರಲ್ಲಿ ಅಂಗಡಿ ಮುಂಗಟ್ಟು ಮುಚ್ಚಿದ್ದವು. ನಮ್ಮ ಓಣಿಯವರೂ ಒಂದಿಷ್ಟು ಹೊತ್ತು ನೇಯ್ದು, ಮೆರವಣಿಗೆಯ ಘೋಷಣೆ ಕೇಳಿಸಿದ ಕೂಡಲೇ ಮಗ್ಗ ನಿಲ್ಲಿಸಿದರು. ನಮ್ಮವರು ಲಾಳಿ ಕೆಳಗಿಟ್ಟು ಕುಣಿಯಿಂದ ಎದ್ದರು. ನಾನು ಬಾಗಿಲಲ್ಲಿದ್ದೆ. ಓಣಿಯ ತುದಿಯಲ್ಲಿ ಯಾವುದೋ ಎಲುಬು ಕಡಿಯುತ್ತಿದ್ದ ನಾಯಿ ಎಲುಬು ಬಿಟ್ಟು ಒಂದೇ ಉಸಿರಿಗೆ ಓಡಿ ಬಂದು, ನನ್ನನ್ನು ದಾಟಿ, ಮಗ್ಗದ ಪಕ್ಕ ಕೂತಿತು. ಯಾರೂ ಕರೆದಿರಲಿಲ್ಲ. ಅಂದು ಅಮಾವಾಸ್ಯೆಯೂ ಅಲ್ಲ.

ಮರುದಿನ ನಾನು ಬಾಯಿ ಮುಚ್ಚಿಕೊಂಡೇ ಪರೀಕ್ಷೆ ಮಾಡಿದೆ. ಮಗ್ಗ ನಡೆಯುವಾಗ ನಾಯಿ ಹೊರಗೆ. ನಮ್ಮವರು ಎಳೆ ಕಟ್ಟಲು ನಿಲ್ಲಿಸಿದರೋ, ನಾಯಿ ಒಳಗೆ. ಪಕ್ಕದ ಮನೆಯ ಮಗ್ಗ ನಿಂತರೆ ಅದಕ್ಕೆ ಪರಿವೆ ಇಲ್ಲ. ನಮ್ಮ ಮಗ್ಗದ ಸದ್ದು ಅದರ ಕಿವಿಗೆ ಬೇರೆಯೇ ಇತ್ತು. ಇಷ್ಟು ದಿನ ನಾನು ಕಲಿಸಿದ್ದು ಇದನ್ನು. ಮಗ್ಗ ನಿಂತರೆ ರೊಟ್ಟಿ ಎಂದು ಅದು ಕಲಿತಿತ್ತು. ನಡುವೆ ಒಬ್ಬ ಹೆಂಗಸು ಏನೋ ಒದರುತ್ತಾಳೆ, ಅದಕ್ಕೂ ತನಗೂ ಸಂಬಂಧವಿಲ್ಲ. ಮಗ್ಗದ ಸದ್ದಿಲ್ಲದ ಬೇಸಾಯದ ಮನೆಯಲ್ಲಾಗಿದ್ದರೆ ಯಾರೂ ಹೀಗೆ ಮೋಸಹೋಗುತ್ತಿರಲಿಲ್ಲ. ತಲೆ ಗೋಡೆಗೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಊಟದ ಹೊತ್ತಿಗೆ ಇಬ್ಬರಿಗೂ ಹೇಳಿದೆ. “ಹಾಸ ಹಿಡಿಯೂ ದಿನ ನೀವು ಒಳಗ ನೇಯ್ಕೋತ ಕುಂಡ್ರಿ. ನಾಯಿ ಆ ಕಡಿ ಹೋತಂದ್ರ ನಾ ಹೇಳ್ತೇನಿ, ನಿಲ್ಲಸ್ರಿ. ಬರ್ತೈತಿ.”

ನಮ್ಮವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. “ಓಣ್ಯಾಗಿನ ಮಂದಿ ತಮ್ಮ ಕೆಲಸ ಬಿಟ್ಟು ನನ್ನ ಹಾಸಕ ಬಂದಿರ್ತಾರ. ನಾ ಒಳಗ ಕುಂತು ನಾಯಿ ಸಲುವಾಗಿ ನೇಯಲೇನು? ಹುಚ್ಚು ಹಿಡದೈತೇನು ನಿನಗ?”

ಅತ್ತೆ ಎಲ್ಲ ಕೇಳಿಸಿಕೊಂಡು ಕೈ ತೊಳೆಯಲು ಎದ್ದರು. ನಾನು ಮತ್ತೆ ಬಯಲಿಗೆ ಕರೆದೊಯ್ದು ಮೊದಲಿಂದ ಕಲಿಸಲು ನೋಡಿದೆ. ಒಮ್ಮೆ ತಪ್ಪಾಗಿ ಕಲಿತದ್ದನ್ನು ಬಿಡಿಸುವುದು ಮನುಷ್ಯರಲ್ಲೇ ಆಗದ ಕೆಲಸ. ನನ್ನ ದನಿ ಒಡೆದು, ನೀರು ಕೇಳಲೂ ಸನ್ನೆ ಮಾಡುವ ಹಾಗಾಯಿತು.

ಮುಂದಿನ ಹಾಸು ಹಿಡಿದ ಬೆಳಿಗ್ಗೆ ನಾನು ಅದನ್ನು ಹಿತ್ತಲಲ್ಲಿ ಎರಡು ಹಗ್ಗ ಹಾಕಿ ಕಟ್ಟಿದ್ದೆ. ಮಗ್ಗ ನಿಂತೇ ಇತ್ತು, ಆದರೆ ರೊಟ್ಟಿ ಕೊಡುವವರು ಮನೆಯೊಳಗೆ ಯಾರೂ ಇಲ್ಲದಾಗ ಅದು ಅಲ್ಲಿ ಕೂತಿರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಗಂಜಿ ಹಚ್ಚಿ ಕುಂಚ ಎಳೆಯುತ್ತಿದ್ದಾಗ ಓಣಿಯ ತುದಿಯಲ್ಲಿ ಒಂದು ಮೇಕೆ ಮರಿ ಕಾಣಿಸಿತು. ಅದರ ಹಿಂದೆಯೇ, ಕೊರಳಲ್ಲಿ ಹಗ್ಗದ ತುಂಡು ಎಳೆದುಕೊಂಡು ನಮ್ಮ ನಾಯಿ. ನಾನು ಕುಂಚ ಎಸೆದು, ಎರಡೂ ಕೈ ಅಗಲಿಸಿ ಅಡ್ಡ ಓಡಿದೆ. ಉಳಿದ ದನಿಯಲ್ಲಿ ಕರೆದೆ, ಬೇಡಿಕೊಂಡೆ, ಬೈದೆ. ಮೇಕೆ ಮರಿ ಹಾಸಿನ ಕೆಳಗೆ ನುಸುಳಿತು. ನಾಯಿಗೆ ನುಸುಳಲು ಬರಲಿಲ್ಲ, ನಡುವೆಯೇ ಹಾಯಿತು. ಈ ಸಲ ಯಾರೂ ಕೂಗಲಿಲ್ಲ, ಯಾರೂ ನಗಲಿಲ್ಲ. ಹಾಸಿನ ಅರ್ಧ ಹೋಗಿತ್ತು.

ಅತ್ತೆ ಅಂದೇ ಮಲ್ಲಸಮುದ್ರಕ್ಕೆ ಹೇಳಿ ಕಳಿಸಿದರು: ನಾಯಿ ಕೊಡುತ್ತೇವೆ, ಗಾಡಿ ತಗೊಂಡು ಬರ್ರಿ. ಓಣಿಯೆದುರು ಆಡಿದ ಮಾತು. ಆಡಿದ ಮಾತನ್ನು ತಿರುಗಿಸುವ ಜಾಯಮಾನ ಅವರದಲ್ಲ. ನಾನು ಅವರೊಂದಿಗೆ ಮಾತು ಬಿಟ್ಟೆ, ಗಂಡನೊಂದಿಗೂ ಬಿಟ್ಟೆ. ಕಂಡಿಕೆ ಸುತ್ತಿ ಬುಟ್ಟಿಗೆ ಎಸೆಯುತ್ತಿದ್ದೆ, ಕೈಗೆ ಕೊಡುತ್ತಿರಲಿಲ್ಲ.

ಗಾಡಿ ಬಂದ ದಿನ ನಮ್ಮವರು ಮಗ್ಗದಲ್ಲಿ ಕೂತು ಒಂದು ಹಸಿರು ಸೀರೆ ನೇಯುತ್ತಿದ್ದರು. ರೈತ ಬಾಗಿಲೆದುರು ಗಾಡಿ ನಿಲ್ಲಿಸಿ, ಎದುರು ಕಟ್ಟೆಯ ನೆರಳಲ್ಲಿ ಮಲಗಿದ್ದ ನಾಯಿಯನ್ನು ಎತ್ತು ಕೊಳ್ಳುವವನ ಹಾಗೆ ಸುತ್ತಲೂ ನೋಡಿದ. ಬಾಯಿ ಬಿಡಿಸಿ ಹಲ್ಲು ನೋಡಿದ. ಅತ್ತೆ, ನಾನು ಹೊಸ್ತಿಲ ಹೊರಗೆ ನಿಂತಿದ್ದೆವು.

“ನೇಕಾರರ ಮನಿ ನಾಯಿ ನೋಡ್ರಿ, ನೆಳ್ಳಾಗ ಬೆಳದದ್ದು,” ಎಂದ ಆತ ಅತ್ತೆಗೆ. “ನಿಮ್ಮಂಗ ಇದೂ ಮೆತ್ತಗ ಆಗೇತಿ. ಇರ್ಲಿ ಬಿಡ್ರಿ, ಹೊಲದಾಗ ಕಟ್ಟಿ ಹಾಕಿ ನಾಕ ದಿನ ಬಡದ್ರ ಎಲ್ಲಾ ಕಲೀತೈತಿ.”

ಅತ್ತೆಯ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಅವರ ಗಂಡ, ಮಾವ, ಮಾವನ ಅಪ್ಪ ಎಲ್ಲರೂ ಆ ಕುಣಿಯಲ್ಲೇ ಕೂತು ಬದುಕಿದವರು.

“ಕಟ್ಟಿ ಬಡೀತೀರಿ?” ಎಂದರು.

“ಅದಿರ್ಲಿ ಯಕ್ಕಾ, ಕರದ್ರ ಬರ್ತೈತಿಲ್ಲೋ ಅಷ್ಟ ಹೇಳ್ರಿ. ಬಾಕಿದ್ದೆಲ್ಲಾ ನಾ ಕಲಸ್ತೇನಿ. ಕರದ್ರ ಬರಲಾರದ ನಾಯಿ ಬಯಲಿಗೆ ಬಿಟ್ರ ಮತ್ತ ಸಿಗೂದಿಲ್ಲ. ಅಂಥಾದ್ದು ನಂಗ ಬ್ಯಾಡ.”

ಅತ್ತೆ ಬಾಗಿಲೊಳಗೆ ಒಮ್ಮೆ ಇಣುಕಿ ನೋಡಿದರು. ಒಳಗೆ ಮಗ್ಗ ಖಟ್ ಖಟ್ ಎಂದು ನಡೆದೇ ಇತ್ತು.

“ನೀವ ನೋಡಕೋರ್ರಿ ಮತ್ತ,” ಎಂದರು. ಆಮೇಲೆ ನನ್ನತ್ತ ತಿರುಗಿ, “ಏ ಹುಡಿಗೀ, ಕರಿ. ಜೋರ ಕರಿ,” ಎಂದರು. ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದರು. ಊಟದ ಹೊತ್ತಿಗೆ ನಾನು ಹೇಳಿದ್ದನ್ನು ಅವರು ಮರೆತಿರಲಿಲ್ಲ.

ನಾನು ಹೊಟ್ಟೆಯಿಂದ ಕೂಗಿದೆ. ಎಷ್ಟೋ ದಿನಗಳಿಂದ ಬರಲಿ ಎಂದು ಕರೆದು ಕರೆದು ಸೋತಿದ್ದೆ. ಅಂದು ಬರಬೇಡವೋ ಮಾರಾಯಾ ಎಂದುಕೊಳ್ಳುತ್ತ ಕರೆದೆ. ನಾಯಿ ಕಾಲು ಚಾಚಿಕೊಂಡು ಕಣ್ಣು ಮುಚ್ಚಿತು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಇನ್ನೊಮ್ಮೆ ಕರೆಯಿರಿ ಎಂದ ರೈತ. ಕರೆದೆ. ರೊಟ್ಟಿ ತೋರಿಸಿ ಎಂದ. ತೋರಿಸಿ ಕರೆದೆ. ಆತ ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದ. “ಇಷ್ಟ ದಿನಾ ಸಾಕೀರಿ, ಒಂದ ಕರೆ ಕಲಸಾಕ ಆಗಲಿಲ್ಲೇನ್ರಿ ನಿಮಗ?” ನಾನು ಪಟ್ಟ ಪಾಡು ಇವನಿಗೇನು ಗೊತ್ತು! ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನುಂಗಿದ್ದು ಇವತ್ತಿಗೂ ಎದೆಯಲ್ಲೇ ಇದೆ.

ಅಷ್ಟರಲ್ಲಿ ನನಗೆ ಬುಟ್ಟಿಯ ನೆನಪಾಯಿತು. ಗಾಡಿಯ ಸದ್ದು ಕೇಳಿ ರಾಟಿ ಬಿಟ್ಟು ಎದ್ದು ಬಂದಿದ್ದೆ. ಬುಟ್ಟಿಯಲ್ಲಿ ಹಸಿರು ಕಂಡಿಕೆ ಒಂದೂ ಇರಲಿಲ್ಲ. ನೇಯುವ ಮನೆಯಲ್ಲಿ ಬದುಕಿದವರಿಗೆ ಒಂದು ಕಂಡಿಕೆ ಎಷ್ಟು ಹೊತ್ತು ಬರುತ್ತದೆ ಎಂಬುದು ಮೈಗೇ ಗೊತ್ತಿರುತ್ತದೆ. ಲಾಳಿಯಲ್ಲಿದ್ದದ್ದು ಇನ್ನೇನು ಮುಗಿಯುತ್ತದೆ. ಮುಗಿದರೆ ಮಗ್ಗ ನಿಲ್ಲುತ್ತದೆ. ನಿಂತರೆ ನಾಯಿ ಈ ರೈತನ ಕಾಲ ಬದಿಯಿಂದಲೇ ಓಡಿ ಬಂದು ಹೊಸ್ತಿಲಲ್ಲಿ ನಿಲ್ಲುತ್ತದೆ, ಕರೆದರೆ ಬಂತು ನೋಡ್ರಿ ಎಂದು ಆತ ಹಗ್ಗ ಹಾಕುತ್ತಾನೆ. ಒಳಗೆ ಹೋದರೆ ಕರೆಯುವವರು ಯಾರು?

ತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿ ಇರಲಿಲ್ಲ.

ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ಸೆರಗು ನೇಯಲೆಂದು ಇನ್ನೊಂದು ಲಾಳಿಗೆ ಕೆಂಪು ನೂಲು ತುಂಬಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆವು. ಅತ್ತೆ ಅದನ್ನೆತ್ತಿಕೊಂಡು ಮಗನ ಕೈಯ ಬಳಿ ಬಗ್ಗಿ ನಿಂತಿದ್ದರು. ಹಸಿರು ಮುಗಿದ ಕೂಡಲೇ ಕೆಂಪು ಲಾಳಿಯನ್ನು ಅವರ ಕೈಗೆ ತುರುಕಿದರು. ಸದ್ದು ಒಮ್ಮೆ ತೊದಲಿತು. ನಾಯಿ ಕಿವಿ ನಿಮಿರಿಸಿ ತಲೆ ಎತ್ತಿತು. ಖಟ್ ಖಟ್ ಖಟ್ ಮತ್ತೆ ಶುರುವಾಯಿತು, ನಾಯಿ ತಲೆಯನ್ನು ಮತ್ತೆ ಮುಂಗಾಲ ಮೇಲೆ ಇಟ್ಟಿತು. ಹಸಿರು ಸೀರೆಯ ನಟ್ಟನಡುವೆ ಕೆಂಪು ಪಟ್ಟೆ ಬೀಳುತ್ತಿತ್ತು. ಎರಡು ಸಲ ಹಾಸು ಹಾಳಾಯಿತೆಂದು ನಾಯಿಯನ್ನು ಮನೆ ಬಿಡಿಸಲು ಹೊರಟಿದ್ದವರು ಇವರೇ.

“ನಿಮ್ಮ ನಾಯಿ ನಿಮಗ ಇರ್ಲಿ ಬಿಡ್ರಿ ಯಕ್ಕಾ,” ಎಂದು ರೈತ ಬಾಗಿಲಿಗೆ ಕೂಗಿ ಹೇಳಿ ಗಾಡಿ ಏರಿದ. ಅತ್ತೆ ಹೊರಗೆ ಬಂದು, “ಆತು ನೋಡ್ರಿ, ನಿಮ್ಮ ಮರ್ಜಿ. ನಾವಂತೂ ಕೊಡತೇವಿ ಅಂದಿದ್ವಿ,” ಎಂದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಎತ್ತುಗಳು ನಿಧಾನ, ಓಣಿ ಉದ್ದ.

“ಯವ್ವಾ!” ಒಳಗಿನಿಂದ ನಮ್ಮವರು ಚೀರಿದರು. “ಸೀರಿ ಪೂರಾ ಕೆಡಾಕತ್ತೈತಿ! ನಿಲ್ಲಸ್ಲೇನು?”

“ನಿಲ್ಲಸಬ್ಯಾಡ,” ಎಂದರು ಅತ್ತೆ, ನನ್ನ ರಟ್ಟೆ ಹಿಡಿದುಕೊಂಡು, ಕಣ್ಣು ರಸ್ತೆಯ ಮೇಲಿಂದ ತೆಗೆಯದೆ. “ನೇಯ್ಕೋತ ಇರು. ಗಾಡಿ ಇನ್ನೂ ಕಾಣಾಕತ್ತೈತಿ.”